ಅಕ್ಕ ಸೇವ್ ಮಾಡಿಕೊಂಡ ಹೆಸರುಗಳು

ಹಾಳು ಸುದ್ದಿ ತಂದವರು ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ನಮ್ಮ ಕನ್ನಡಕದ ಅಂಗಡಿಗೆ ಬಂದು, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂತು, ಫೋನಿನಲ್ಲಿ ಓದಿದ್ದನ್ನೆಲ್ಲ ನಮ್ಮ ಕಿವಿಗೆ ತುಂಬಿ ಹೋಗುತ್ತಾರೆ. ಅವತ್ತು ಬಾಗಿಲು ದಾಟುವ ಮೊದಲೇ ಶುರು ಮಾಡಿದರು.

"ಗೊತ್ತಾಯ್ತಾ ನಿಮಗೆ? ನಮ್ಮ ಮೇಲ್‌ಗೆ ಹೊಸ ಅಪ್‌ಡೇಟ್ ಬರ್ತಿದೆಯಂತೆ. ಎಲ್ಲಾ ಬದಲಾಗುತ್ತಂತೆ."

"ಬರ್ಲಿ ಬಿಡಿ ಮೇಷ್ಟ್ರೇ," ಎಂದೆ ಒಳಗಿನಿಂದ. ನನ್ನ ಜಾಗ ಹಿಂದಿನ ಕೋಣೆ, ಲೆನ್ಸು ಉಜ್ಜುವ ಯಂತ್ರದ ಮುಂದೆ. ಮುಂದಿನ ಕೌಂಟರು ಅಕ್ಕನದು. ಒಡಹುಟ್ಟಿದವರಿಬ್ಬರೂ ಒಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದೇವೆ, ಮಧ್ಯೆ ಒಂದು ಪರದೆ.

"ಬರ್ಲಿ ಬಿಡಿ ಅನ್ನೋ ವಿಷಯ ಅಲ್ಲಪ್ಪ ಇದು. ಹಳೇ ಮೇಲ್ ಎಲ್ಲಾ ತಾನಾಗೇ ಅಳಿಸಿ ಹೋಗುತ್ತಂತೆ. ನಾವು ಬಾಯಿ ಬಿಡೋಕೆ ಮುಂಚೆ ಅದೇ ಉತ್ತರ ಬರೆದಿಡುತ್ತಂತೆ. ಅದೆಲ್ಲ ಹಾಳಾಗ್ಲಿ. ನಾವು ಯಾರ್ಯಾರನ್ನ ಯಾವ್ಯಾವ ಹೆಸರಲ್ಲಿ ಸೇವ್ ಮಾಡ್ಕೊಂಡಿದ್ದೀವೋ, ಅದು ಇನ್ಮೇಲೆ ಅವರಿಗೇ ಕಾಣಿಸುತ್ತಂತೆ!"

ಗಾಳಿಸುದ್ದಿಗೆ ಕೈಕಾಲು ಮೂಡಿಸುವುದರಲ್ಲಿ ಮೇಷ್ಟ್ರನ್ನು ಮೀರಿಸಿದವರಿಲ್ಲ. ಕಳೆದ ಸಲ ಫೋನುಗಳೆಲ್ಲ ಒಂದೇ ದಿನ ಸತ್ತು ಹೋಗುತ್ತವೆ ಎಂದು ಬೀದಿಯನ್ನೇ ಹೆದರಿಸಿದ್ದರು. ನಾನು ಜೋರಾಗಿ ನಕ್ಕೆ. ಅಷ್ಟರಲ್ಲಿ ಕೌಂಟರಿನಿಂದ ಏನೋ ಠಣ್ ಎಂದು ನೆಲಕ್ಕೆ ಬಿತ್ತು. ಪರದೆ ಸರಿಸಿ ನೋಡಿದರೆ ಅಕ್ಕನ ಸ್ಕ್ರೂಡ್ರೈವರು ನೆಲದ ಮೇಲಿತ್ತು. ಅವಳು ಅದನ್ನು ಎತ್ತಿಕೊಳ್ಳಲೂ ಇಲ್ಲ, ಗರ ಬಡಿದವಳ ಹಾಗೆ ಮೇಷ್ಟ್ರನ್ನೇ ನೋಡುತ್ತ ನಿಂತಿದ್ದಳು.

ನನ್ನ ಅಕ್ಕನ ಕೈಯಿಂದ ಸಾಮಾನು ಬೀಳುವುದಿಲ್ಲ. ಕಣ್ಣಿಗೂ ಕಾಣದ ಸ್ಕ್ರೂಗಳನ್ನು ಉಗುರಿನ ತುದಿಯಲ್ಲಿ ಎತ್ತಿ ಕೂರಿಸುವ ಕೈ ಅದು. ಗಿರಾಕಿ ಬಂದು ಕೂತರೆ ಮೊದಲು ಮುಖ ನೋಡುತ್ತಾಳೆ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಒಂದು ಕಿವಿ ಮೇಲಿರುತ್ತದೆ, ಇಲ್ಲ ಮೂಗು ಒಂದು ಕಡೆ ವಾಲಿರುತ್ತದೆ. ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಆ ಕಿವಿಗೆ ತಕ್ಕ ಹಾಗೆ ಬಗ್ಗಿಸಿ ಕೊಟ್ಟಳೆಂದರೆ ಆಮೇಲೆ ಅದು ಜಾರುವ ಮಾತೇ ಇಲ್ಲ. ಆದರೆ ಹೆಸರು ಮಾತ್ರ ಅವಳ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮೇಲ್ ವಿಳಾಸ ತೆಗೆದುಕೊಂಡಾಗ ಕಂಡಿದ್ದನ್ನೇ ಹೆಸರಾಗಿ ಹಾಕಿಬಿಡುತ್ತಾಳೆ. ಎಡಗಿವಿ ಮೇಲೆ. ಗುಂಡು ಮುಖ ಬ್ಯಾಂಕು. ದಪ್ಪ ಹುಬ್ಬು. ಮೇಷ್ಟ್ರು ಅಲ್ಲಿ ‘ಸೊಟ್ಟ ಮೂಗು’. ‘ನಿಮ್ಮ ಕನ್ನಡಕ ತಯಾರಾಗಿದೆ’ ಎಂಬ ಮೇಲ್ ಎಲ್ಲರಿಗೂ ಅವಳ ಅಕೌಂಟಿನಿಂದಲೇ ಹೋಗುತ್ತದೆ.

ಮೇಷ್ಟ್ರು ಹೋದ ಮೇಲೆ ನಾನು ಚುಡಾಯಿಸಿದೆ. "ಯಾಕಕ್ಕ, ಸೊಟ್ಟ ಮೂಗಿನವರು ಮೂಗು ಹಿಡ್ಕೊಂಡು ಜಗಳಕ್ಕೆ ಬರ್ತಾರೆ ಅಂತ ಭಯಾನಾ?"

"ಅವರು ಬಂದ್ರೆ ಬರ್ಲಿ ಕಣೋ." ಅಕ್ಕನ ಮುಖ ಬಿಳಚಿಕೊಂಡಿತ್ತು. ಫೋನನ್ನು ನನ್ನ ಕಡೆ ತಿರುಗಿಸಿದಳು. "ಇದನ್ನ ನೋಡು."

ನೋಡಿದೆ. ಅಲ್ಲಿ ‘ಅವಳ ಮಗಳು’ ಎಂದಿತ್ತು. ಕೆಳಗಿದ್ದ ವಿಳಾಸ ನಮ್ಮ ಡ್ರೈವರಮ್ಮನದು.

ಡ್ರೈವರಮ್ಮ ಎಂದು ನಾನು ಕರೆಯುವುದು ಅಕ್ಕನ ಮಗಳನ್ನು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಅಕ್ಕನ ಮಗಳು ಎಂದೆನಲ್ಲ, ಹೆತ್ತವಳು ಅಕ್ಕ ಅಲ್ಲ. ಭಾವ ಗೂಡ್ಸ್ ರೈಲಿನಲ್ಲಿ ಗಾರ್ಡು. ಅವರ ಮೊದಲನೇ ಹೆಂಡತಿ ತೀರಿಹೋದ ಮೇಲೆ ಅಕ್ಕ ಆ ಮನೆ ತುಂಬಿದಳು. ಆ ಮನೆಯಲ್ಲಿ ಸತ್ತವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಎಲ್ಲದಕ್ಕೂ ‘ಅವಳ’ ಎನ್ನುತ್ತಿದ್ದರು. ಅವಳ ಬೀರು, ಅವಳ ಕನ್ನಡಿ, ಅವಳ ಮಗಳು. ಹೊಸದಾಗಿ ಬಂದ ಅಕ್ಕನೂ ಹಾಗೇ ಎಂದಳು. ಮುಂದೆ ಹುಡುಗಿಗೆ ಬರೆಯಲೆಂದು ಮೇಲ್ ಅಕೌಂಟು ಮಾಡಿಕೊಂಡಾಗ ಮನೆಯವರ ಬಾಯಲ್ಲಿದ್ದದ್ದನ್ನೇ ಹಾಗೆಯೇ ಒತ್ತಿದ್ದಳು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ನನ್ನ ಅಕ್ಕನನ್ನು ನಾನು ಬಲ್ಲೆ.

ಮೊದಮೊದಲು ಹುಡುಗಿ ಗೋಡೆಗೆ ಒರಗಿಕೊಂಡೇ ಇರುತ್ತಿತ್ತು. ಅಕ್ಕ ಬೆನ್ನು ಬಿಡಲಿಲ್ಲ. ತಲೆ ಬಾಚಿದಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡಳು. ಒಂದು ದಿನ ಹುಡುಗಿ ಬಚ್ಚಲಿನಿಂದ "ಅಮ್ಮಾ, ಟವಲ್ ಕೊಡು" ಎಂದು ಕೂಗಿತಂತೆ. ಅಕ್ಕ ಟವಲನ್ನೂ ಮರೆತು, ಅದನ್ನು ನನಗೆ ಫೋನ್ ಮಾಡಿ ಹೇಳಿ ಅತ್ತಿದ್ದಳು. ಆಮೇಲೆ ಭಾವ ಮಗಳನ್ನು ದೂರದ ಹಾಸ್ಟೆಲ್ಲಿಗೆ ಸೇರಿಸಿದರು. ಹೋಗುವಾಗ ಅಮ್ಮ ಎಂದು ಕತ್ತಿಗೆ ಜೋತುಬಿದ್ದಿದ್ದ ಮಗು ಮೊದಲ ರಜೆಗೆ ಬಂದಾಗ, ಚಪ್ಪಲಿ ಬಿಟ್ಟು ಒಳಗೆ ಬಂದು, "ಚೆನ್ನಾಗಿದ್ದೀರಾ ಚಿಕ್ಕಮ್ಮ?" ಎಂದಿತು. ಅವತ್ತಿನಿಂದ ಇವತ್ತಿನವರೆಗೂ ಚಿಕ್ಕಮ್ಮನೇ. ಪ್ರೀತಿಗೆ ಕೊರತೆ ಇಲ್ಲ. ವಾರವಾರ ಬರುತ್ತಾಳೆ, ಅಕ್ಕನ ಮಂಡಿಗೆ ಎಣ್ಣೆ ಹಚ್ಚುತ್ತಾಳೆ. ಆದರೆ ಅಮ್ಮ ಎನ್ನುವುದು ಮತ್ತೆ ಅವಳ ಬಾಯಿಂದ ಬರಲಿಲ್ಲ.

ಅಕ್ಕ ಅದಕ್ಕೊಂದು ಕಾರಣ ಹುಡುಕಿಕೊಂಡಳು. ಹಾಸ್ಟೆಲ್ಲಿನ ಊರಿನಲ್ಲೇ ಹುಡುಗಿಯ ಅಜ್ಜಿ, ಅಂದರೆ ಸತ್ತ ತಾಯಿಯ ತಾಯಿ ಇದ್ದರು. ಭಾನುವಾರ ಮೊಮ್ಮಗಳನ್ನು ನೋಡಲು ಹೋಗುತ್ತಿದ್ದರು. "ಆ ಮುದುಕೀನೇ ಕಿವಿ ಊದಿರೋದು," ಎಂದು ಅಕ್ಕ ಹಲ್ಲು ಕಡಿದಳು. ಆಮೇಲೆ ಆ ಅಜ್ಜಿಯ ಜೊತೆ ಮಾತು ಬಿಟ್ಟಳು. ಒಮ್ಮೆ ಅವರು ಮನೆ ಬಾಗಿಲಿಗೆ ಬಂದಾಗ ಕೂತುಕೊಳ್ಳಿ ಎನ್ನಲಿಲ್ಲ. ಅವರು ತೀರಿಕೊಂಡಾಗ ಮುಖ ನೋಡಲೂ ಹೋಗಲಿಲ್ಲ.

ಈಗ ಅದೇ ಅಕ್ಕ ಕೌಂಟರಿನ ಹಿಂದೆ ನಿಂತು ಫೋನನ್ನೇ ನೋಡುತ್ತಿದ್ದಳು. "ಅವಳು ಇದನ್ನ ನೋಡಿಬಿಟ್ರೆ ಏನೋ ಗತಿ? ಇಷ್ಟು ವರ್ಷ ಸಾಕಿದ್ದೆಲ್ಲ ನಾಟಕ ಅಂದ್ಕೊಳ್ಳಲ್ವಾ? ಇವತ್ತು ಕನ್ನಡಕ ತಗೊಳ್ಳೋಕೆ ಬೇರೆ ಬರ್ತಾಳೆ."

"ನೀನು ಒಳ್ಳೇ ಕಡ್ಡೀನ ಗುಡ್ಡ ಮಾಡ್ತೀಯ. ಹೆಸರು ಬದಲಾಯಿಸಿದ್ರೆ ಆಯ್ತಪ್ಪ. ಯಾಕೆ ಇಷ್ಟು ದಿನ ಬಿಟ್ಟಿದ್ದೆ ಇದನ್ನ?"

"ಕಣ್ಣಿಗೆ ಬಿದ್ರೆ ತಾನೇ! ಮೊದಲ ಅಕ್ಷರ ಒತ್ತಿದ ತಕ್ಷಣ ಅವಳೇ ಮೇಲೆ ಬರ್ತಾಳೆ, ಬೆರಳು ಇಟ್ಟು ಕಳಿಸ್ತೀನಿ. ಓದಿದವರ್ಯಾರು?"

"ಸರಿ, ‘ನನ್ನ ಮಗಳು’ ಅಂತ ಹಾಕು, ಮುಗೀತು."

ಅಕ್ಕ ಬೆರಳು ಎತ್ತಿದಳು, ಇಳಿಸಲಿಲ್ಲ. "ಹಾಗೆ ಹಾಕಿದ್ರೆ ಹೆತ್ತವಳಿಂದ ಕಿತ್ಕೊಂಡ ಹಾಗಾಗುತ್ತೆ ಕಣೋ. ಅವಳು ಇನ್ನೂ ಅಮ್ಮನ ಫೋಟೋನ ಪರ್ಸಲ್ಲೇ ಇಟ್ಕೊಂಡಿದ್ದಾಳೆ. ಅದೂ ಅಲ್ದೆ, ಈಗ ಬದಲಾಯಿಸಿದ್ರೂ ಆ ಅಪ್‌ಡೇಟು ಹಳೇದನ್ನ ತೋರಿಸಿಬಿಟ್ರೆ?"

ನನಗೆ ರೇಗಿತು. ಮೇಷ್ಟ್ರನ್ನೂ ಅವರ ಅಪ್‌ಡೇಟನ್ನೂ ಬಾಯಿಗೆ ಬಂದಂತೆ ಬೈದೆ. "ಅಂಥದ್ದೇನೂ ಇರಲ್ಲ ಮಾರಾಯ್ತಿ! ಎಲ್ಲಿ, ನನಗೊಂದು ಮೇಲ್ ಹಾಕು. ನಿನ್ನ ಫೋನಲ್ಲಿರೋ ಹೆಸರು ನನ್ನ ಫೋನಿಗೆ ಹೆಂಗೆ ಬರುತ್ತೆ ತೋರಿಸು ನೋಡೋಣ."

ಅಕ್ಕ ಸುಮ್ಮನೆ ‘ಊಟ ಆಯ್ತಾ’ ಎಂದು ಬರೆದು ಕಳಿಸಿದಳು. ನನ್ನ ಫೋನು ಸದ್ದು ಮಾಡಿತು. ತೆರೆದೆ. ಮೇಲೆ ಅಕ್ಕನ ಹೆಸರು, ಕೆಳಗೆ ‘ಊಟ ಆಯ್ತಾ’. "ನೋಡಿದ್ಯಾ? ಏನೂ ಇಲ್ಲ," ಎಂದು ಗೆದ್ದವನ ಹಾಗೆ ಹೇಳಿ, ಪಕ್ಕದಲ್ಲಿದ್ದ ಸಣ್ಣ ಬಾಣದ ಗುರುತನ್ನು ಒತ್ತಿದೆ. ಇನ್ನೆರಡು ಸಾಲು ಬಿಚ್ಚಿಕೊಂಡವು.

‘ಇವರಿಗೆ: ಮುಂಗೋಪಿ’.

"ಏನೇ ಇದು? ನಾನು ಮುಂಗೋಪಿನಾ?" ಎಂದು ಕೂಗಿದೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾವ ಅಪ್‌ಡೇಟೂ ಇನ್ನೂ ಬಂದಿರಲಿಲ್ಲ. ಹಳೆಯ ಮೇಲ್ ಒಂದನ್ನು ತೆರೆದೆ, ಅದರಲ್ಲೂ ಮುಂಗೋಪಿ. ಅದಕ್ಕೂ ಹಿಂದಿನದರಲ್ಲೂ ಮುಂಗೋಪಿ. ಅಕ್ಕ ಸೇವ್ ಮಾಡಿಕೊಂಡ ಹೆಸರು ಮೊದಲಿನಿಂದಲೂ ಮೇಲ್ ಜೊತೆಗೇ ಹೋಗುತ್ತಿತ್ತು. ನಾನು ಬಾಣ ಒತ್ತಿ ನೋಡಿದವನಲ್ಲ, ಅಷ್ಟೇ.

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡು ನೋಡಿದಳು. ಅವಳಿಗೆ ಸೊಟ್ಟ ಮೂಗೂ ನೆನಪಾಗಲಿಲ್ಲ, ದಪ್ಪ ಹುಬ್ಬೂ ನೆನಪಾಗಲಿಲ್ಲ. "ಹಾಗಾದ್ರೆ ಹಾಸ್ಟೆಲ್ಲಿಗೆ ಕಳಿಸಿದ ಮೇಲ್ ಎಲ್ಲಾ?" ಎಂದಳು. "ಅಯ್ಯೋ, ಹಾಸ್ಟೆಲ್ಲಿಗೆ ಕಳಿಸಿದ್ದು?" ಎಂದು ಮತ್ತೆ ಕೇಳಿ, ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತಳು.

ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಬಾಗಿಲು ಸದ್ದಾಯಿತು. ಡ್ರೈವರಮ್ಮ ಕಾರಿನ ಕೀ ತಿರುಗಿಸುತ್ತ ಬಂದಳು. "ಏನ್ ಮಾವ, ನನ್ನ ಕನ್ನಡಕ ಆಯ್ತಾ? ಇವತ್ತು ಒಬ್ಬ ಮಹಾನುಭಾವ ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದ, ನನ್ನ ಪ್ರಾಣ ಬಾಯಿಗೆ ಬಂದಿತ್ತು."

ಅಕ್ಕ ಎದ್ದು ಕನ್ನಡಕ ತಂದಳು. ಮಗಳ ಮುಖಕ್ಕೆ ಏರಿಸಿದಳು, ಕಿವಿಯ ಹಿಂದೆ ಕಡ್ಡಿ ಕೂರಿಸಲು ಹೋದಳು. ಕಡ್ಡಿ ಎರಡು ಸಲ ಜಾರಿತು.

"ಯಾಕೆ ಚಿಕ್ಕಮ್ಮ? ಹುಷಾರಿಲ್ವಾ?"

"ನಿನ್ನ ಹೆಸರನ್ನ ನಾನು ಏನಂತ ಇಟ್ಕೊಂಡಿದ್ದೀನಿ ಅಂತ ನಿಂಗೆ ಗೊತ್ತಾ?" ಎಂದು ಅಕ್ಕ ನೇರವಾಗಿ ಕೇಳಿಬಿಟ್ಟಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುವುದಿಲ್ಲ.

ಡ್ರೈವರಮ್ಮ ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಕೀ ತಿರುಗಿಸುವುದನ್ನು ನಿಲ್ಲಿಸಿದಳು. "ಅವಳ ಮಗಳು," ಎಂದಳು.

ಅಕ್ಕ ಕನ್ನಡಕದ ಮೇಲಿಂದ ಕೈ ತೆಗೆದಳು.

"ಯಾವಾಗಿಂದ ಗೊತ್ತು?"

"ಮೊದಲನೇ ಮೇಲ್ ಬಂದಾಗಿನಿಂದ. ನಮ್ಮ ಹಾಸ್ಟೆಲ್ಲಲ್ಲಿ ಚಿಕ್ಕ ಮಕ್ಕಳಿಗೆ ಕಂಪ್ಯೂಟರ್ ಮುಟ್ಟೋಕೆ ಬಿಡ್ತಿರಲಿಲ್ಲ ಚಿಕ್ಕಮ್ಮ. ವಾರ್ಡನ್ ಹಾಸ್ಟೆಲ್ ವಿಳಾಸಕ್ಕೆ ಬಂದ ಮೇಲ್‌ಗಳನ್ನ ಪ್ರಿಂಟ್ ತೆಗೆದು, ಊಟದ ಹಾಲ್‌ನಲ್ಲಿ ಮೇಲಿರೋ ಹೆಸರು ಕೂಗಿ ಹಂಚ್ತಿದ್ರು. ಅವತ್ತು ‘ಅವಳ ಮಗಳು, ಅವಳ ಮಗಳು ಯಾರು ಇಲ್ಲಿ?’ ಅಂತ ಕೂಗಿದ್ರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಒಳಗಿದ್ದದ್ದನ್ನ ಓದಿದಾಗ ಗೊತ್ತಾಯ್ತು, ಅದು ನಾನೇ ಅಂತ. ತಲೆ ಒದ್ದೆ ಇಟ್ಕೊಂಡು ಮಲಗಬೇಡ ಅಂತ ಬರೆದಿದ್ರಿ. ಕೆಳಗೆ ‘ನಿನ್ನ ಅಮ್ಮ’ ಅಂತಿತ್ತು, ಮೇಲೆ ‘ಅವಳ ಮಗಳು’ ಅಂತಿತ್ತು. ಯಾವುದು ನಿಜ ಅಂತ ತುಂಬಾ ಹೊತ್ತು ನೋಡಿದೆ. ಮೇಲಿದ್ದದ್ದೇ ನಿಜ ಅನ್ನಿಸ್ತು."

ಅಕ್ಕ, "ನಿಮ್ಮಜ್ಜಿ… ನಿಮ್ಮಜ್ಜಿ ಹೇಳಿಕೊಟ್ಟಿದ್ದಲ್ವಾ, ಚಿಕ್ಕಮ್ಮ ಅನ್ನು ಅಂತ?" ಎಂದಳು.

"ಅಜ್ಜಿನಾ?" ಡ್ರೈವರಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಜ್ಜಿಗೆ ನಾನು ಅದನ್ನ ತೋರಿಸಿದ್ದೆ. ನನ್ನನ್ನೇ ಬೈದರು. ಏನೋ ಕೈತಪ್ಪಿ ಆಗಿರುತ್ತೆ, ನೀನು ಅಮ್ಮ ಅಂತಲೇ ಕರಿ, ಆ ಹೆಣ್ಣು ನಿನ್ನ ಚೆನ್ನಾಗಿ ನೋಡ್ಕೊಳ್ತಾಳೆ ಅಂದ್ರು. ನಾನೇ ಹಟ ಮಾಡಿದೆ. ಒಂದ್ಸಲ ನಿಮ್ಮ ಹತ್ರ ಮಾತಾಡಿ ಸರಿ ಮಾಡ್ತೀನಿ ಅಂತ ಅಷ್ಟು ದೂರದಿಂದ ಮನೆಗೂ ಬಂದಿದ್ರಲ್ಲ, ನೆನಪಿಲ್ವಾ?"

ನೆನಪಿಲ್ಲದೆ ಏನು! ಅವತ್ತು ನಾನೂ ಆ ಮನೆಯಲ್ಲೇ ಇದ್ದೆ. ಕೈಚೀಲ ಎದೆಗೆ ಅವುಚಿಕೊಂಡು ಹೊಸ್ತಿಲಲ್ಲಿ ನಿಂತ ಆ ಅಜ್ಜಿ, ಅಡುಗೆಮನೆಯಿಂದ ಹೊರಗೇ ಬಾರದ ನನ್ನ ಅಕ್ಕ. ಸ್ವಲ್ಪ ಹೊತ್ತು ನಿಂತು, "ಬರ್ತೀನಿ ತಾಯಿ" ಎಂದು ಹೋಗಿಬಿಟ್ಟಿದ್ದರು. ಅಕ್ಕ ಈಗ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏನು ಮಾಡಿಬಿಟ್ಟೆನೋ ನಾನು!" ಎಂದು ನನ್ನನ್ನು ಕೇಳಿದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ವೇ ನೀನು? ಬೈಬಹುದಿತ್ತು, ಮುಖಕ್ಕೆ ಉಗೀಬಹುದಿತ್ತು!"

"ನೀವೇ ಬದಲಾಯಿಸ್ತೀರಿ ಅಂತ ಕಾದೆ ಚಿಕ್ಕಮ್ಮ." ಹುಡುಗಿ ಅಷ್ಟು ಹೊತ್ತು ಹಿಡಿದಿಟ್ಟಿದ್ದ ದನಿ ಅಲ್ಲಿ ಒಡೆಯಿತು. "ದೊಡ್ಡವಳಾಗಿ ನನ್ನದೇ ವಿಳಾಸ ಕೊಟ್ಟ ಮೇಲೂ ಆ ಹೆಸರೇ ಬಂತು. ಈಗಲೂ ನಿಮ್ಮ ಮೇಲ್ ಬಂದ್ರೆ ಮೊದಲು ಒತ್ತೋದು ಆ ಬಾಣಾನೇ. ಒಳಗೆ ಏನು ಬರೆದಿದ್ದೀರಿ ಅಂತ ಆಮೇಲೆ ಓದ್ತೀನಿ. ಹೋದ ವಾರಾನೂ ಹಾಗೇ ನೋಡಿದೆ."

ಅಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ. ಫೋನು ಎತ್ತಿಕೊಂಡಳು, ನಮ್ಮಿಬ್ಬರಿಗೂ ಬೆನ್ನು ಮಾಡಿ ನಿಂತಳು. ಏನೋ ಅಳಿಸಿದಳು, ಒತ್ತಿದಳು, ಮತ್ತೆ ಅಳಿಸಿದಳು. ಎಷ್ಟೋ ಹೊತ್ತಾದ ಮೇಲೆ ಡ್ರೈವರಮ್ಮನ ಚೀಲದಲ್ಲಿ ಫೋನು ಟಿಣ್ ಎಂದಿತು.

ಅವಳು ತೆಗೆದು ನೋಡಿದಳು. ಹೊಸ ಕನ್ನಡಕವನ್ನು ಕಳಚಿ ಕೌಂಟರಿನ ಮೇಲಿಟ್ಟಳು. ಫೋನನ್ನು ನನ್ನ ಕೈಗೆ ಕೊಟ್ಟಳು. ಮೇಲ್‌ನ ಒಳಗೆ ಒಂದಕ್ಷರವೂ ಇರಲಿಲ್ಲ. ಬಾಣ ಆಗಲೇ ಒತ್ತಿ ಆಗಿತ್ತು.

‘ಇವರಿಗೆ: ನಮ್ಮಿಬ್ಬರ ಮಗಳು’.

ಅಕ್ಕ ಇನ್ನೂ ಗೋಡೆ ಕಡೆಗೇ ತಿರುಗಿ ನಿಂತಿದ್ದಳು. "ಬಂತಾ?" ಎಂದಳು.

"ಬಂತು," ಎಂದಳು ಡ್ರೈವರಮ್ಮ. ಕೌಂಟರು ಬಳಸಿಕೊಂಡು ಹೋಗಿ, ಹಿಂದಿನಿಂದ ಅಕ್ಕನ ಭುಜಕ್ಕೆ ಗಲ್ಲ ಊರಿ ನಿಂತಳು. "ಅಜ್ಜಿ ಇರಬೇಕಿತ್ತು. ತೋರಿಸ್ತಿದ್ದೆ."

ಅದನ್ನು ಕೇಳಿ ಅಕ್ಕ ಅತ್ತ ದನಿ ಬೀದಿಗೂ ಕೇಳಿಸಿತು. ನಾನು ಬಾಗಿಲಿಗೆ ಹೋಗಿ ‘ಅಂಗಡಿ ಮುಚ್ಚಿದೆ’ ಎಂಬ ಹಲಗೆ ತಿರುಗಿಸಿದೆ. ಹೊರಗೆ ಮೇಷ್ಟ್ರು ಮತ್ತೇನೋ ಸುದ್ದಿ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದರು. ನಾಳೆ ಬನ್ನಿ ಎಂದು ಗಾಜಿನ ಒಳಗಿನಿಂದಲೇ ಕೈ ಮಾಡಿದೆ.