ಕಣಕುಂಬಿ ಹೆಸರಿನ ನಾಲ್ಕು ಚೀಲ

ಆಗ ನನಗೆ ಮೂವತ್ತೆಂಟು. ನಲವತ್ತು ವರ್ಷದ ಹಿಂದಿನ ಮಾತು. ಅಕ್ಕೋರೇ, ಕಣಕುಂಬಿ ಕಡೆಯ ನಾಲ್ಕು ಊರಿನ ಭತ್ತವೆಂದು ನಾನು ತಂದುಕೊಟ್ಟ ಚೀಲಗಳಲ್ಲಿ ಇದ್ದದ್ದು ನನ್ನ ತಂಗಿಯ ಊರು ಗುಂಜಿಯ ಭತ್ತ. ಆ ಊರುಗಳಿಗೆ ನಾನು ಹೋಗಲೇ ಇಲ್ಲ.

ನೀವು ಬೆಳಗಾವಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಿರಿ. ನಾನು ಖಾನಾಪುರದಲ್ಲಿ ಮನೆಮನೆಗೆ ಹೋಗಿ ಬಿತ್ತುವ ಭತ್ತ ಆರಿಸಿಕೊಡುತ್ತಿದ್ದೆ. ಊರೂರಿನ ಹಳೆಯ ತಳಿ ಬೇಕೆಂದು ನೀವು ಊರ ಹೆಸರು ಬರೆದ ಬಟ್ಟೆಚೀಲ ಕೊಟ್ಟಿರಿ. ಕಾಳಿನ ಉದ್ದ, ಬಣ್ಣ, ವಾಸನೆ, ಮೊಳೆಯುವ ದಿನ — ಎಲ್ಲ ಕಂಪ್ಯೂಟರಿಗೆ ಹಾಕಿದರೆ ಯಾವ ಭತ್ತ ಯಾವುದಕ್ಕೆ ಬಳಗ ಎಂದು ಅದು ಹೇಳುತ್ತದೆ ಅಂದಿರಿ. ನನಗೆ ನಗು ಬಂದಿತ್ತು.

ಉಳಿದ ಊರೆಲ್ಲ ತಿರುಗಿದೆ. ಗುಂಜಿಯಲ್ಲಿ ತಂಗಿಯ ಕಣಕ್ಕೆ ಬಂದಾಗ ನಾಲ್ಕೇ ಊರು ಬಾಕಿ. ಮುಂದೆ ಅಡವಿಯ ದಾರಿ. ಬೇಸರ ಬಂತು.

“ಭತ್ತ ಏನ ಬಾಯಿ ತಗದ ಊರ ಹೆಸರ ಹೇಳತೈತೇನ ಯಕ್ಕಾ? ಇಲ್ಲೇ ತುಂಬಿ ಬಿಡು” ಎಂದು ತಂಗಿ ನಕ್ಕಳು. ತಪ್ಪು ಅವಳ ಮೇಲೆ ಹಾಕುವುದಿಲ್ಲ. ಗುಂಜಿಯ ಚೀಲದ ಜೊತೆ ಆ ನಾಲ್ಕನ್ನೂ ಒಂದೇ ರಾಶಿಯಿಂದ ತುಂಬಿದ ಕೈ ನನ್ನದು.

ಭತ್ತ ಹೇಳಿತು. ಬೆಳಗಾವಿಯಲ್ಲಿ ದೇಶದ ವಿಜ್ಞಾನಿಗಳೆಲ್ಲ ಸೇರಿದ ಸಮ್ಮೇಳನದಲ್ಲಿ ಕೊನೆಯ ಸಾಲಿಗೆ ನನ್ನನ್ನೂ ಕೂರಿಸಿದ್ದಿರಿ. ಐದೂ ಊರಿನ ಭತ್ತ ಒಂದೇ ಬಳಗ, ಬೀಜ ಗುಂಜಿಯಿಂದ ಅಡವಿಯೊಳಗೆ ಹೋಗಿದೆ ಎಂದು ನೀವು ಗೆರೆ ಎಳೆದು ತೋರಿಸಿದಿರಿ. ಒಬ್ಬ ಮುದುಕ ವಿಜ್ಞಾನಿ ಎದ್ದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಿಮ್ಮ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿದಿರಿ.

“ನೀಲವ್ವಾ, ಬೀಜ ಅದಲುಬದಲು ಆಗ್ಯಾವು ಅಂತಾರ ಇವರು. ಆ ನಾಕೂ ಊರಿಗೆ ನೀನ ಹೋಗಿದ್ದಿ, ಹೌದಿಲ್ಲೋ?”

“ಹೌದ್ರಿ ಅಕ್ಕೋರ. ನನ್ನ ಕೈಯಾರೆ ತುಂಬೀನ್ರಿ.”

ಎರಡನೆಯ ಮಾತು ಖರೇ. ಮೊದಲನೆಯದು —

ನೀವು ಅದನ್ನು ಇಂಗ್ಲಿಷಿನಲ್ಲಿ ಹೇಳಿದಿರಿ. ಮುದುಕರು ನನಗೆ ಕೈ ಮುಗಿದು ಕೂತರು. ಜನ ಚಪ್ಪಾಳೆ ತಟ್ಟಿದರು.

ನಿಮ್ಮ ಲೇಖನ ಅಚ್ಚಾಯಿತು. ಮುಂದಿನ ಸುಗ್ಗಿಗೆ ಮತ್ತೆ ಆ ಊರುಗಳಿಗೆ ಹೋಗಬೇಕಾದಾಗ ನನಗೆ ಕಾಲುನೋವೆಂದು ಹೇಳಿ ಕಳಿಸಿದೆ. ಕಾಲು ನೆಟ್ಟಗೇ ಇತ್ತು. ನೀವು ಬೇರೆಯವರನ್ನು ಕಳಿಸಲಿಲ್ಲ — ಅಷ್ಟು ನಂಬಿಕೆ. ಆಮೇಲೆ ಆ ಊರುಗಳಿಗೂ ಹೊಸ ಬೀಜ ಬಂತು. ಹೋದ ವರ್ಷ ನಾನೇ ಹೋಗಿ ಕೇಳಿದೆ. ಹಳೆಯ ಭತ್ತ ಯಾರ ಮನೆಯಲ್ಲೂ ಇಲ್ಲ. ನಿಮ್ಮ ಕಾಲೇಜಿನ ಗಾಜಿನ ಬಾಟಲಿಗಳ ಮೇಲೆ ಆ ಊರುಗಳ ಹೆಸರಿದೆ; ಒಳಗಿರುವುದು ನನ್ನ ತಂಗಿಯ ಕಣದ ಕಾಳು. ಆ ಹೆಸರು ತೆಗೆಸಿರಿ. ಸುಳ್ಳು ಹೇಳಿದವಳು ನೀಲವ್ವ ಎಂದು ಬರೆಸಿರಿ.

ಸಮ್ಮೇಳನದ ಮರುದಿನ ಬೆಳಿಗ್ಗೆ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮುಂದಿನ ಸುಗ್ಗಿಗೆಂದು ಹೊಸ ಚೀಲಗಳ ಮೇಲೆ ಆ ನಾಲ್ಕು ಊರ ಹೆಸರನ್ನೇ ನೀವು ಬರೆಯುತ್ತಿದ್ದಿರಿ. ಹೇಳಬೇಕೆಂದು ಬಾಯಿ ತೆಗೆದೆ — ನೀವು ಒಂದು ಚೀಲ ಮುಂದೆ ಚಾಚಿದಿರಿ. ಇಸಿದುಕೊಂಡೆ. ಶಾಯಿ ಆರಲೆಂದು ಒಂದೊಂದನ್ನೇ ಬಿಸಿಲಿಗೆ ಹರವಿದೆ. ಆರಿದ ಮೇಲೆ ಮಡಚಿ ಬಗಲಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ.