ಚಂದ್ರಪ್ಪ ಮೇಷ್ಟ್ರು ಮತ್ತು ನನ್ನ ಪುಕ್ಕಲುತನ

ಎದುರಿಗೆ ಬಂದವರು ಅಂತರ್ಮುಖಿಯೋ ಬಹಿರ್ಮುಖಿಯೋ ಎಂದು ತೀರ್ಮಾನಿಸದೆ ಚಂದ್ರಪ್ಪ ಮೇಷ್ಟ್ರಿಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನ್ನೂ ಬಿಟ್ಟವರಲ್ಲ. "ಚಿಲ್ಲರೆ ಕೇಳಕ್ಕೂ ನಾಚ್ಕೊಂತಾನೆ, ಅಂತರ್ಮುಖಿ ಕಣ್ರೋ" ಎನ್ನುವರು. ತೊಂಬತ್ತರ ದಶಕದ ಕೊನೆಗೆ, ನಮ್ಮ ಟಿ.ಸಿ.ಎಚ್. ಶಿಕ್ಷಕರ ತರಬೇತಿಯಲ್ಲಿ ಅವರದು ಮನಶ್ಶಾಸ್ತ್ರದ ಪಾಠ.

ಒಮ್ಮೆ ಶಾಯಿ ಚೆಲ್ಲಿ ಮಡಿಸಿ ಬಿಡಿಸಿದ ಹಾಳೆ ಹಿಡಿದು, ಏನು ಕಾಣುತ್ತದೆ ಎಂದು ಎಲ್ಲರನ್ನೂ ಕೇಳಿದರು. ಕಂಡದ್ದರಲ್ಲಿ ಸುಪ್ತ ಮನಸ್ಸು ಹೊರಬೀಳುತ್ತದಂತೆ. ಇಡೀ ತರಗತಿ ಆನೆ ಎಂದಿತು. ಅರಸೀಕೆರೆಯ ಬಯಲಿನಿಂದ ಬಂದಿದ್ದ ಮೇಷ್ಟ್ರು, ಇಷ್ಟು ಜನಕ್ಕೂ ಒಂದೇ ಕಾಯಿಲೆಯೇ ಎಂದು ತಲೆ ಮೇಲೆ ಕೈ ಹೊತ್ತರು. ಕಾಫಿ ತೋಟದಲ್ಲಿ ಕೊಂಬೆ ಮುರಿದರೂ ಆನೆಯೆಂದು ನಾವು ಉಸಿರು ಬಿಗಿಹಿಡಿಯುವ ಮಲೆನಾಡಿನ ಜನ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ನನ್ನ ಭಯ ಎಲ್ಲರಿಗಿಂತ ಒಂದು ಕೈ ಮೇಲು. ನಮ್ಮ ಚಿಕ್ಕಪ್ಪನನ್ನು ಆನೆ ತುಳಿದು ಕೊಂದಿತ್ತು. ಅಭ್ಯಾಸ ಪಾಠಕ್ಕೆ ನನಗೆ ಸಿಕ್ಕಿದ್ದು ಮಗ್ಗೆ ಊರಿನ ಕಡೆಯ ಶಾಲೆ, ದಾರಿ ಕಾಫಿ ಎಸ್ಟೇಟಿನೊಳಗೆ. ಹೋಗದಿದ್ದರೆ ಫೇಲು, ಹೋಗಲು ಕಾಲೇ ಏಳದು. ಮೇಷ್ಟ್ರು ಬೈಯಲಿಲ್ಲ.

"ಸ್ವಭಾವ ಅನ್ನೋದು ಹಣೆಬರಹ ಅಲ್ಲ ಕಣಮ್ಮ. ಹೆದರದೆ ಇರೋರನ್ನ ನೋಡ್ತಾ ನೋಡ್ತಾ ಹೆದರಿಕೆ ಬಿಟ್ಟೋಗ್ತದೆ" ಎಂದು ದಿನಾ ಜೊತೆಗೆ ಬಂದರು. ಮುಂದೆ ಅವರು, ಹಿಂದೆ ನಾನು. ಕೆಲವೇ ದಿನಗಳಲ್ಲಿ ದಾರಿಯುದ್ದಕ್ಕೂ ಹರಟುವಷ್ಟು ಚೇತರಿಸಿಕೊಂಡೆ. ಅವರಿಗೆ ಹಿಗ್ಗೋ ಹಿಗ್ಗು.

ಅವತ್ತು ಬೆಳಗ್ಗೆ ಮಂಜು ಕವಿದಿತ್ತು. ದಾರಿಯ ನಡುವೆ ಆನೆ ಲದ್ದಿ ಬಿದ್ದಿತ್ತು.

"ಬ್ಯಾಡಿ ಸಾ, ಲದ್ದಿ ಇನ್ನೂ ಹೊಗೆ ಆಡ್ತೈತೆ, ಆನೆ ಇಲ್ಲೇ ಎಲ್ಲೋ ಐತೆ" ಎಂದೆ.

ಅವರೂ ಹೆದರಿದ್ದರು. ಮಫ್ಲರನ್ನು ಸುಮ್ಮನೆ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಈಗ ವಾಪಸ್ ಹೋದ್ರೆ ಕಲ್ತಿದ್ದೆಲ್ಲ ಹೋಗ್ಬುಡ್ತದೆ. ನೀನು ಇಲ್ಲೇ ನಿಂತು ನೋಡ್ತಿರು."

ಕೈಮುಗಿದೆ, ಅತ್ತುಬಿಟ್ಟೆ, ಅವರು ಕೇಳದೆ ಹೋದರು. ಮಂಜಿನೊಳಗಿಂದ ಅವರ ದನಿ ಬಂತು: "ಏನೂ ಇಲ್ಲ ಕಣಮ್ಮ, ಬಾ."

ನಾನು ಕದಲಲಿಲ್ಲ. ಆಮೇಲೆ ಕಾಫಿ ಗಿಡಗಳು ಮುರಿಯುವ ಸದ್ದು, ಒಂದು ಘೀಳು. ಎಸ್ಟೇಟಿನ ಲೈನ್ ಮನೆಗಳ ಆಳುಗಳು ಡಬ್ಬ ಬಡಿಯುತ್ತಾ ಓಡಿ ಬರುವಷ್ಟರಲ್ಲಿ ಮೇಷ್ಟ್ರ ಜೀವ ಹೋಗಿತ್ತು.

ನನ್ನ ಪುಕ್ಕಲುತನವೇ ನನ್ನನ್ನು ಕಾಯಿತು ಎಂದು ಊರೆಲ್ಲ ಹೇಳಿತು. ಇರಬಹುದು. ಈಗ ನಾನೂ ಟೀಚರು. ಮಂಜು ಬಿದ್ದ ಬೆಳಗ್ಗೆ ಶಾಲೆಗೆ ನಡೆಯುವಾಗ ಆನೆಗಿಂತ ದೊಡ್ಡ ಹೆದರಿಕೆ ನನಗೆ ಒಂದೇ: ಎಲ್ಲಾದರೂ ಮೇಷ್ಟ್ರು ಮತ್ತೆ "ಬಾ" ಅಂದರೆ, ಈ ಸಲ ಹೋಗಿಬಿಡುತ್ತೇನೆ.