ಪರದೆಯ ಮೇಲೆ ಎದ್ದ ಕೈ

ಆ ಕೈ ನೀರಿನಿಂದ ಮೇಲೆದ್ದಾಗ ನಾನು ಕುರ್ಚಿ ಸಮೇತ ಹಿಂದಕ್ಕೆ ಸರಿದೆ. ಸುಳ್ಳಲ್ಲ. ಪಕ್ಕದಲ್ಲಿದ್ದ ಮೇಷ್ಟ್ರ ಲೋಟದಿಂದ ಟೀ ತುಳುಕಿತು.

ಮೊನ್ನೆ ನಡೆದದ್ದು. ನಾನು ಕನಕಪುರದಲ್ಲಿ ಪತ್ರಿಕೋದ್ಯಮ ಪಾಠ ಮಾಡುವವಳು. ರಾಮನಗರದ ಒಂದು ಕಾಲೇಜಿಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ ಹೋಗಿದ್ದೆ.

ಕೊನೇ ವರ್ಷದ ಮಕ್ಕಳು ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ತೆಗೆದುಕೊಡಬೇಕು. ನಾನು ಮತ್ತು ಅಲ್ಲಿನ ಮೇಷ್ಟ್ರು ನೋಡಿ ಮಾರ್ಕ್ಸ್ ಹಾಕಬೇಕು. ಕಥೆಗಿಷ್ಟು, ಕ್ಯಾಮೆರಾಗಿಷ್ಟು, ಮೇಕಪ್‌ಗೆ ಹತ್ತು.

ಬೆಳಗ್ಗಿನಿಂದ ನೋಡಿದ್ದು ಬರೀ ಬೆಟ್ಟ. ಊರ ಸುತ್ತ ಬಂಡೆಗಳಿವೆಯಲ್ಲ, ಎಲ್ಲರಿಗೂ ಅಲ್ಲೇ ಕೊಲೆ ಆಗಬೇಕು... ಒಬ್ಬ ಓಡುತ್ತಾನೆ, ಇನ್ನೊಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಟೊಮ್ಯಾಟೊ ಸಾಸ್ ಚೆಲ್ಲುತ್ತದೆ. ನಾನು ಆಕಳಿಸುತ್ತಾ ಕೂತಿದ್ದೆ.

ಊಟದ ಹೊತ್ತಿಗೆ ನಾಜಿಯಾ ಮತ್ತು ಪವಿತ್ರ ಎಂಬ ಇಬ್ಬರು ಹುಡುಗಿಯರ ಸರದಿ ಬಂತು.

ಮೊದಲು ಬರೀ ಹಬೆ. ಹಬೆಯೊಳಗೆ ಒಂದು ರಾಟೆ ತನ್ನಷ್ಟಕ್ಕೆ ತಿರುಗುತ್ತಿದೆ, ಅದಕ್ಕೆ ರೇಷ್ಮೆ ಎಳೆ ಸುತ್ತಿಕೊಳ್ಳುತ್ತಿದೆ. ಕ್ಯಾಮೆರಾ ಆ ಎಳೆಯನ್ನೇ ಹಿಡಿದು ಕೆಳಗಿಳಿದು ಬಿಸಿನೀರಿನ ತೊಟ್ಟಿಗೆ ಬರುತ್ತದೆ. ರೇಷ್ಮೆಗೂಡುಗಳು ತೇಲುತ್ತಿವೆ. ಅವುಗಳ ನಡುವಿನಿಂದ ಮೆಲ್ಲಗೆ ಒಂದು ಕೈ ಮೇಲೇಳುತ್ತದೆ.

ಬಿಳಿಚಿಕೊಂಡ ಬೆರಳುಗಳು. ಚರ್ಮ ಊದಿ, ಸುಕ್ಕುಗಟ್ಟಿ, ತುದಿಯಲ್ಲಿ ಸುಲಿದು ನಿಂತಿದೆ. ತೋರುಬೆರಳಿನ ಉಗುರು ಕಪ್ಪಗಾಗಿ ಅರ್ಧ ಎದ್ದಿದೆ. ಹಿಂದಿನಿಂದ ಒಂದು ಹೆಣ್ಣು ದನಿ: ‘ಇವಳು ಸತ್ತು ಮೂರು ದಿನ.’

ಪರದೆ ಕಪ್ಪಾಯಿತು.

ಮೇಕಪ್‌ಗೆ ಹತ್ತಕ್ಕೆ ಹತ್ತು ಅಂದುಕೊಂಡು ಪೆನ್ನು ತೆಗೆದೆ. ಅಷ್ಟರಲ್ಲಿ ನನ್ನ ಹಳೇ ಚಾಳಿ ಅಡ್ಡ ಬಂತು. ಅನುಮಾನ! ಈ ಮಕ್ಕಳಿಗೆ ಇಂಥ ಮೇಕಪ್ ಮಾಡಲು ಹೇಗೆ ಬರುತ್ತದೆ? ನೆಟ್‌ನಿಂದ ಇಳಿಸಿಕೊಂಡಿರಬೇಕು. ಹಾಗೆ ಮಾಡಿದರೆ ಪ್ರಾಜೆಕ್ಟ್‌ಗೆ ಸೊನ್ನೆ, ಡಿಗ್ರಿಗೆ ಇನ್ನೊಂದು ವರ್ಷ ಕಾಯಬೇಕು.

ಇಬ್ಬರನ್ನೂ ಒಳಗೆ ಕರೆಸಿದೆ. ಮೇಕಪ್ ಯಾರದು ಎಂದೆ. ನಾಜಿಯಾ ಪವಿತ್ರಳ ಮುಖ ನೋಡಿದಳು. ನನಗೆ ಪಿತ್ತ ನೆತ್ತಿಗೇರಿತು. ಕದ್ದಿದ್ದೀರಿ, ಒಪ್ಪಿಕೊಳ್ಳಿ ಅಂದುಬಿಟ್ಟೆ.

ಪವಿತ್ರಳಿಗೆ ತಡೆಯಲಾಗಲಿಲ್ಲ. “ಮೇಕಪ್ಪೂ ಇಲ್ಲ, ಏನೂ ಇಲ್ಲ ಮೇಡಂ. ಅದು ಇವ್ರಮ್ಮನ ಕೈ. ದಿನಾ ಶೆಡ್ಡಲ್ಲಿ ನೂಲು ತೆಗೀತಾರೆ.”

ನಾನು ನಂಬಲಿಲ್ಲ. ಹಾಗಾದರೆ ಅವರನ್ನೇ ಕರೆದುಕೊಂಡು ಬನ್ನಿ, ನೋಡೋಣ ಎಂದೆ.

ನಾಜಿಯಾಳ ಮುಖ ಬಿಳುಪೇರಿತು. “ಬ್ಯಾಡ ಮೇಡಂ. ಸೊನ್ನೆನೇ ಹಾಕ್ಬುಡಿ.”

ಸಿಕ್ಕಿಬಿದ್ದಳು ಅಂತಲೇ ನಾನು ತಿಳಿದೆ. ಪವಿತ್ರ ಮಾತ್ರ ಹಟ ಹಿಡಿದು ಸ್ಕೂಟರ್ ಕೀ ತೆಗೆದುಕೊಂಡು ಹೊರಟಳು.

ಅರ್ಧ ಗಂಟೆಗೆ ನಾಜಿಯಾಳ ಅಮ್ಮಿ ಬಂದರು. ಬುರ್ಖಾ ತೊಟ್ಟು, ಮುಖದ ತುಂಬ ನಗು. ಮಗಳ ಪಿಕ್ಚರ್ ನೋಡಿ ಶಾಭಾಷ್ ಹೇಳಲು ಮೇಡಂ ಕರೆಸಿದ್ದಾರೆ ಅಂತ ಅವರ ಎಣಿಕೆ. ಕೈ ತೋರಿಸಿ ಅನ್ನಲು ನನಗೆ ನಾಲಿಗೆಯೇ ಹೊರಳಲಿಲ್ಲ.

ಅವರೇ ಕೈ ಚಾಚಿ ಮೇಜಿನ ಮೇಲಿಟ್ಟರು. “ಇದೇ ಮೇಡಂ, ಇವ್ರು ಶೂಟಿಂಗ್ ಮಾಡಿದ್ದು.”

ಅದೇ ಬಿಳುಪು. ಅದೇ ಸುಲಿದ ಚರ್ಮ, ಅದೇ ಎದ್ದ ಉಗುರು.

ನಾನೇನು ಬೇರೆ ಊರಿನವಳೇ? ಹುಟ್ಟಿ ಬೆಳೆದದ್ದು ಇದೇ ರಾಮನಗರ. ಗೂಡು ಬೇಯುವ ವಾಸನೆಗೆ ಮೂಗು ಮುಚ್ಚಿಕೊಂಡು, ಅಂಥ ಎಷ್ಟೋ ಶೆಡ್‌ಗಳ ಮುಂದೆಯೇ ದಿನಾ ಸ್ಕೂಲಿಗೆ ಹೋದವಳು. ಒಳಗೆ ಬಗ್ಗಿ ಒಂದು ಕೈಯನ್ನೂ ನೋಡಿರಲಿಲ್ಲ. ಅದಕ್ಕೇ ನನಗೆ ಮೇಕಪ್ ಅನ್ನಿಸಿದ್ದು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು...

“ನಂಗೂ ಒಸಿ ತೋರ್ಸಿ ಮೇಡಂ,” ಅಂದರು ಅಮ್ಮಿ. “ರೇಷ್ಮೆ ಬಗ್ಗೆ ಪಿಕ್ಚರ್ ತೆಗೀತೀವಿ ಅಂದಿದ್ಲು. ಇನ್ನೂ ತೋರ್ಸೇ ಇಲ್ಲ.”

ಹುಡುಗಿ ಯಾಕೆ ಸೊನ್ನೆಯನ್ನೇ ಬೇಡಿದಳು ಅಂತ ನನಗೆ ಆಗ ಅರ್ಥವಾಯಿತು. ತನ್ನ ಕೈ ಹೆಣದ ಕೈಯಾಗಿದೆ ಅಂತ ಆ ತಾಯಿಗೆ ಗೊತ್ತೇ ಇಲ್ಲ!

ಕರೆಂಟ್ ಇಲ್ಲ, ಫೈಲ್ ಓಪನ್ ಆಗುತ್ತಿಲ್ಲ... ಏನಾದರೂ ನೆಪ ಹೇಳಬಹುದಿತ್ತು. ನನಗೆ ಹೊಳೆಯುವಷ್ಟರಲ್ಲಿ ಮೇಷ್ಟ್ರು ಪ್ಲೇ ಒತ್ತಿಬಿಟ್ಟಿದ್ದರು.

ತಮ್ಮ ರಾಟೆ ಕಂಡು ಅಮ್ಮಿ ಮುಗುಳ್ನಕ್ಕರು. ಆಮೇಲೆ ಕೈ ಮೇಲೆದ್ದಿತು. ಆಮೇಲೆ ದನಿ. ಅದು ನಾಜಿಯಾಳದೇ ದನಿ ಅಂತ ನನಗೆ ಗೊತ್ತಾದದ್ದು ಆಗಲೇ. ಇವಳು ಸತ್ತು ಮೂರು ದಿನ.

ಅಮ್ಮಿ ಮೇಜಿನ ಮೇಲಿದ್ದ ಕೈಯನ್ನು ಮೆಲ್ಲಗೆ ಬುರ್ಖಾದೊಳಗೆ ಎಳೆದುಕೊಂಡರು. ನಾಜಿಯಾ ಗೋಡೆಗೆ ಮುಖ ಮಾಡಿ ಬಿಕ್ಕತೊಡಗಿದಳು.

ಅಮ್ಮಿ ಒಂದು ಗಳಿಗೆ ಮಗಳನ್ನೇ ನೋಡಿದರು. ಆಮೇಲೆ ಹತ್ತಿರ ಹೋಗಿ ತಲೆ ಸವರಿದರು.

“ಅಳ್ಬೇಡ ಸುಮ್ಕಿರು. ಮೊದ್ಲೇ ಹೇಳಿದ್ರೆ ಸಾಯಂಕಾಲ ತೆಗಿ ಅಂತಿದ್ದೆ. ಇದು ಬೆಳಗ್ಗಿನ ಕೈ, ಒಸಿ ಚೆನ್ನಾಗೇ ಐತೆ. ಸಾಯಂಕಾಲದ್ದು ತೋರ್ಸಿದ್ರೆ ಇನ್ನೂ ಹೆದರ್ಕೊಳ್ಳೋರು.”

ನನಗೆ ಅಳು ತಡೆಯಲಾಗಲಿಲ್ಲ. ಎಕ್ಸ್‌ಟರ್ನಲ್ ಅನ್ನೋ ಬಿಗುಮಾನವೆಲ್ಲ ಅಲ್ಲೇ ಇಳಿಯಿತು. ಇಬ್ಬರು ಹುಡುಗಿಯರಿಗೂ, ಆ ತಾಯಿಗೂ ಕೈಮುಗಿದು ತಪ್ಪಾಯಿತು ಅಂದೆ.

ಕಥೆಗೆ, ಕ್ಯಾಮೆರಾಗೆ, ಸೌಂಡಿಗೆ ಎಲ್ಲಕ್ಕೂ ಮಾರ್ಕ್ಸ್ ಬರೆದಾಯಿತು. ನಾಳೆ ಶೀಟ್ ಕಳಿಸಬೇಕು. ಮೇಕಪ್ ಕಾಲಂ ಮಾತ್ರ ಇನ್ನೂ ಖಾಲಿ ಇದೆ.

ನೀವಾಗಿದ್ದರೆ ಅಲ್ಲಿ ಏನು ಬರೆಯುತ್ತಿದ್ದಿರಿ?